‘ರನ್’ ಅಂದರೆ ಬರೀ ಓಡುವುದಲ್ಲ, ಹಾಗಾದರೆ ಇದನ್ನು ಕಲಿಯುವುದು ಹೇಗೆ?

ವಿದ್ಯಾನಗರದ ಓದುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಗ್ರಾಮರ್ ಹೇಗೋ ಹಿಡಿತಕ್ಕೆ ಬಂದಿದೆ. ಕಾಡುತ್ತಿರುವುದು ಚಿಕ್ಕ ಚಿಕ್ಕ ಕ್ರಿಯಾಪದಗಳು. ಗೆಟ್, ಟೇಕ್, ಸೆಟ್. ಎಲ್ಲಕ್ಕಿಂತ ಜಾಸ್ತಿ ಈ ರನ್.

ಪ್ರಾಕ್ಟೀಸ್ ಪೇಪರಿನಲ್ಲಿ ನಾಲ್ಕು ವಾಕ್ಯ ಕೊಟ್ಟು, ಯಾವುದರಲ್ಲಿ ‘ರನ್’ ಸರಿಯಾಗಿದೆ ಅಂತ ಕೇಳಿದ್ದರು. ಒಂದು, ‘ಶಿ ರನ್ಸ್ ಎ ಹೋಟೆಲ್’. ಎರಡು, ‘ದಿ ಕಲರ್ ರನ್ಸ್’. ಮೂರು, ‘ದಿ ರೋಡ್ ರನ್ಸ್ ಅಲಾಂಗ್ ದಿ ರಿವರ್’. ನಾಲ್ಕು, ‘ವಿ ಹ್ಯಾವ್ ರನ್ ಔಟ್ ಆಫ್ ಶುಗರ್’. ಉತ್ತರ ನೋಡಿದರೆ ನಾಲ್ಕೂ ಸರಿ!

ಮ್ಯಾನೇಜ್, ಆಪರೇಟ್, ಫ್ಲೋ, ಎಕ್ಸ್‌ಟೆಂಡ್ ಅಂತ ಸಮಾನಪದಗಳ ಪಟ್ಟಿ ಬಾಯಿಪಾಠ ಮಾಡಿದ್ದೇನೆ. ಆದರೆ ವಾಕ್ಯದಲ್ಲಿ ಕೂರುತ್ತಿಲ್ಲ. ರನ್ ತೆಗೆದು ಆಪರೇಟ್ ಹಾಕಿದರೆ ಒಂದು ಕಡೆ ಸರಿ ಅನಿಸುತ್ತದೆ, ಇನ್ನೊಂದು ಕಡೆ ಅರ್ಥವೇ ಕೆಡುತ್ತದೆ. ಇದಕ್ಕೆ ಏನಾದರೂ ದಾರಿ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಒಳ್ಳೆಯ ಪ್ರಶ್ನೆ ಕೇಳಿದೆ ಕಣಮ್ಮ. ಇದು ನಿನ್ನೊಬ್ಬಳ ಕಷ್ಟ ಅಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರು ಈ ಪದವನ್ನು ಹೊಸದಾಗಿ ಪರಿಷ್ಕರಿಸಿದಾಗ ಕ್ರಿಯಾಪದವಾಗಿಯೇ 645 ಅರ್ಥ ಲೆಕ್ಕಕ್ಕೆ ಸಿಕ್ಕವು. 2011ರಲ್ಲಿ ಇದು ಪತ್ರಿಕೆಗಳಲ್ಲೂ ಸುದ್ದಿಯಾಯಿತು. ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಪೀಟರ್ ಗಿಲಿವರ್ ಈ ಒಂದು ಪದಕ್ಕೇ ಒಂಬತ್ತು ತಿಂಗಳು ಕೂತು ಕೆಲಸ ಮಾಡಿದ್ದರು. ಅದಕ್ಕೂ ಮುಂಚೆ, 1989ರ ಎರಡನೇ ಆವೃತ್ತಿಯಲ್ಲಿ, ಸೆಟ್ ಪದದ್ದೇ ಮೇಲುಗೈ. ಅದಕ್ಕೆ ಸುಮಾರು 430 ಅರ್ಥ ಕೊಟ್ಟಿದ್ದರು. ಹಾಗಾಗಿ ಪಟ್ಟಿ ಮಾಡಿ ಮುಗಿಸುವ ಕೆಲಸ ಇದಲ್ಲ.

ಮೂಲ ಹಿಡಿದರೆ ಸ್ವಲ್ಪ ಬೆಳಕು ಸಿಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದ ಮನುಷ್ಯ ಓಡುವುದಕ್ಕೂ ಇತ್ತು, ನೀರು ಹರಿಯುವುದಕ್ಕೂ ಇತ್ತು. ಜರ್ಮನ್ ಭಾಷೆಯಲ್ಲಿ ಇದರ ನೆಂಟರು ಇವತ್ತಿಗೂ ಎರಡು ಪದವಾಗಿ ಉಳಿದಿದ್ದಾರೆ. ರೆನ್ನೆನ್ ಅಂದರೆ ಓಡು, ರಿನ್ನೆನ್ ಅಂದರೆ ಹರಿ, ಸೋರು. ಇಂಗ್ಲಿಷಿನಲ್ಲಿ ಎರಡೂ ರನ್ ಒಳಗೇ ಸೇರಿಕೊಂಡವು. ಅಂದರೆ ಈ ಪದದ ಹೊಟ್ಟೆಯಲ್ಲಿ ಮೊದಲಿನಿಂದಲೂ ಇರುವುದು ಬರೀ ಕಾಲಲ್ಲ, ನೀರೂ ಇದೆ. ತಡೆ ಇಲ್ಲದೆ ಒಂದೇ ಸಮ ಸಾಗುವುದು ಇದರ ತಿರುಳು ಅಂತ ಇಟ್ಟುಕೋ.

ನಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಚಿಕ್ಕಜಾಜೂರಿನಿಂದ ಚಿತ್ರದುರ್ಗ, ಚಳ್ಳಕೆರೆ ಮೇಲೆ ರಾಯದುರ್ಗದ ಕಡೆಗೆ ರೈಲು ದಾರಿ ಇದೆ ಅಲ್ವಾ? ರೈಲು ಓಡುತ್ತದೆ, ‘ದಿ ಟ್ರೈನ್ ರನ್ಸ್’. ಹಳಿ ಅಲ್ಲೇ ಬಿದ್ದಿರುತ್ತದೆ, ಆದರೂ ‘ದಿ ಲೈನ್ ರನ್ಸ್ ಟು ರಾಯದುರ್ಗ’ ಅನ್ನುತ್ತಾರೆ. ನಾವು ಹಳಿ ಓಡುತ್ತದೆ ಅನ್ನುವುದಿಲ್ಲ, ಹಾದುಹೋಗುತ್ತದೆ ಅನ್ನುತ್ತೇವೆ. ಇನ್ನು ‘ದಿ ಟ್ರೈನ್ ರನ್ಸ್ ಡೈಲಿ’ ಅಂದರೆ ದಿನಾ ಆ ಗಾಡಿ ಇದೆ ಅಂತ. ಅಲ್ಲಿ ಓಟದ ಮಾತೇ ಇಲ್ಲ. ಒಂದೇ ಹಳಿಯ ಮೇಲೆ ಮೂರು ಅರ್ಥ. ಮೂರರಲ್ಲೂ ತಿರುಳು ಮಾತ್ರ ಅದೇ. ಕೋಟೆಯ ಗೋಡೆಗೂ ಇದೇ ಮಾತು. ‘ದಿ ವಾಲ್ ರನ್ಸ್ ಅರೌಂಡ್ ದಿ ಹಿಲ್’. ನಮ್ಮ ಬಾಯಲ್ಲಿ ಗೋಡೆ ಬೆಟ್ಟವನ್ನು ಬಳಸಿಕೊಂಡು ಹೋಗಿದೆ.

ಜವಳಿ ಅಂಗಡಿ, ದಾವಣಗೆರೆ

ಮೇಷ್ಟ್ರೇ, ತಿರುಳು ಅನ್ನುವ ಮಾತು ಚೆನ್ನಾಗಿದೆ. ಆದರೆ ಪರೀಕ್ಷೆ ಬರೆಯುವ ಹುಡುಗಿಗೆ ಅಷ್ಟು ಸಾಕಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ‘ದಿ ಕಲರ್ ರನ್ಸ್’ ಅನ್ನುವುದನ್ನೇ ತಗೊಳ್ಳಿ. ಒಂದೇ ಸಮ ಸಾಗುವುದು ಅಂತ ಹಿಡಿದು ಕೂತರೆ ಬಣ್ಣ ಎಲ್ಲಿಗೆ ಸಾಗುತ್ತದೆ?

ನಮ್ಮ ಅಂಗಡಿಯಲ್ಲಿ ಇದು ದಿನಾ ನಡೆಯುವ ಮಾತು. ಗಿರಾಕಿಗಳು ಕಾಟನ್ ಸೀರೆ ಕೈಗೆತ್ತಿಕೊಂಡ ಕೂಡಲೇ ಕೇಳುವುದು ‘ಬಣ್ಣ ಬಿಡುತ್ತಾ?’ ಅಂತ. ಕೆಲವು ಹಿರಿಯ ಹೆಂಗಸರು ಕರ್ಚೀಫಿನ ತುದಿ ಒದ್ದೆ ಮಾಡಿ ಸೆರಗಿನ ಒಳಮಗ್ಗುಲಿಗೆ ಉಜ್ಜಿ ನೋಡುತ್ತಾರೆ. ಕರ್ಚೀಫಿಗೆ ಕೆಂಪು ಹತ್ತಿದರೆ ಆ ಸೀರೆ ಅಲ್ಲೇ ಮಡಚಿ ಇಡುತ್ತಾರೆ. ಆ ಬಣ್ಣ ಬಿಡುವುದೇ ಇಂಗ್ಲಿಷಿನ ರನ್. ಇದಕ್ಕೆ ‘ಬ್ಲೀಡ್’ ಅಂತಲೂ ಹೇಳುತ್ತಾರೆ. ಆದರೆ ‘ಫೇಡ್’ ಬೇರೆ. ಬಿಸಿಲಿಗೆ ಒಣಗಿ ಒಣಗಿ ಬಣ್ಣ ಮಂಕಾಗುವುದು ಫೇಡ್. ನೀರಿಗೆ ಬಿದ್ದು ಪಕ್ಕದ ಬಟ್ಟೆಗೆ ಅಂಟುವುದು ರನ್. ಎರಡನ್ನೂ ಬಣ್ಣ ಹೋಗುವುದು ಅಂತಲೇ ಕಲಿತರೆ ಪರೀಕ್ಷೆಯಲ್ಲಿ ಎಡವುತ್ತೀರಿ.

ಇನ್ನೊಂದು ಇದೆ. ಬಣ್ಣ ಬಿಡದ ಬಟ್ಟೆಗೆ ‘ಫಾಸ್ಟ್ ಕಲರ್’ ಅನ್ನುತ್ತಾರೆ. ಆ ಫಾಸ್ಟ್ ಅಂದರೆ ಬೇಗ ಅಲ್ಲ, ಗಟ್ಟಿಯಾಗಿ ಅಂಟಿಕೊಂಡದ್ದು. ಹಾಗಾಗಿ ‘ಫಾಸ್ಟ್ ಕಲರ್ಸ್ ಡೋಂಟ್ ರನ್’ ಅನ್ನುವ ವಾಕ್ಯ ಪೂರ್ತಿ ಸರಿ. ಪದ ಪದ ಬಿಡಿಸಿ ಓದಿದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಹೇಳುವುದು, ರನ್ ನೋಡಬೇಡಿ, ಅದರ ಪಕ್ಕ ಯಾರು ಕೂತಿದ್ದಾರೆ ಅದನ್ನು ನೋಡಿ. ಪಕ್ಕದಲ್ಲಿ ಬಣ್ಣ ಇದ್ದರೆ ಬಿಡು, ಹೋಟೆಲ್ ಇದ್ದರೆ ನಡೆಸು, ರಸ್ತೆ ಇದ್ದರೆ ಹಾದುಹೋಗು.

ನಮ್ಮಲ್ಲಿ ‘ರನ್ನಿಂಗ್ ಬ್ಲೌಸ್’ ಅಂತಲೂ ಇದೆ. ಸೀರೆ ಬಟ್ಟೆಯಲ್ಲೇ ಸೇರಿಕೊಂಡು ಬಂದ ಬ್ಲೌಸ್ ಪೀಸ್ ಅದು. ಕತ್ತರಿಸಿ ಹೊಲಿಸಿಕೊಳ್ಳಬೇಕು. ಚೆನ್ನಾಗಿ ಮಾರಾಟ ಆಗುವ ಸರಕಿಗೆ ‘ಇದು ಓಡುವ ಮಾಲು’ ಅಂತ ನಾವೇ ಕನ್ನಡದಲ್ಲಿ ಹೇಳುತ್ತೇವೆ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಬಣ್ಣ ನೀರಿನ ಜೊತೆ ಹರಿದು ಪಕ್ಕಕ್ಕೆ ಹೋಗುತ್ತದೆ, ಹಾಗಾಗಿ ತಿರುಳು ಅಲ್ಲೂ ಇದೆ. ಆದರೆ ಪಕ್ಕದ ಪದ ನೋಡಬೇಕು ಅನ್ನುವುದು ನೂರಕ್ಕೆ ನೂರು ಒಪ್ಪುವ ಮಾತು. ನನ್ನ ಮಾತು ಇಷ್ಟೇ. ತಿರುಳು ಗೊತ್ತಿದ್ದರೆ, ಮೊದಲ ಸಲ ಎದುರಾದ ಬಳಕೆಗೂ ಒಂದು ಅಂದಾಜು ಹಾಕಬಹುದು.

ಆಸ್ಪತ್ರೆ ಡ್ಯೂಟಿ, ದಾವಣಗೆರೆ

ಅಂದಾಜು ಹಾಕಿದರೆ ಕೆಲವು ಕಡೆ ಅಪಾಯ ಸರ್. ನಾನು ನರ್ಸ್. ‘ಶಿ ಈಸ್ ರನ್ನಿಂಗ್ ಎ ಟೆಂಪರೇಚರ್’ ಅಂತ ಡಾಕ್ಟರ್ ಹೇಳಿದರೆ ಜ್ವರ ಇದೆ ಅಂತ ಅರ್ಥ, ಅಷ್ಟೇ. ಟೆಂಪರೇಚರ್ ಎಲ್ಲರಿಗೂ ಇರುತ್ತದೆ. ಆದರೆ ರನ್ ಸೇರಿದ ಕೂಡಲೇ ಅದು ಜಾಸ್ತಿ ಇದೆ ಅಂತ ಆಗಿಬಿಡುತ್ತದೆ. ಯಾವ ತಿರುಳಿನಿಂದಲೂ ಇದು ತಾನಾಗಿ ಹೊಳೆಯುವುದಿಲ್ಲ. ‘ಹರ್ ನೋಸ್ ಈಸ್ ರನ್ನಿಂಗ್’ ಅಂದರೆ ಮೂಗು ಸೋರುತ್ತಿದೆ. ‘ಲೆಟ್ ಅಸ್ ರನ್ ಸಮ್ ಟೆಸ್ಟ್ಸ್’ ಅಂದರೆ ಕೆಲವು ಟೆಸ್ಟ್ ಮಾಡಿಸೋಣ. ‘ಇಟ್ ರನ್ಸ್ ಇನ್ ದಿ ಫ್ಯಾಮಿಲಿ’ ಅಂದರೆ ಮನೆತನದಲ್ಲೇ ಇದೆ. ಶುಗರ್, ಬಿ.ಪಿ. ವಿಷಯದಲ್ಲಿ ಈ ಮಾತು ತುಂಬಾ ಬರುತ್ತದೆ.

ಓದುಗಿಗೆ ಒಂದು ಕಿವಿಮಾತು. ಇಲ್ಲಿ ಯಾವುದಕ್ಕೂ ಆಪರೇಟ್ ಹಾಕಬೇಡಮ್ಮ. ಆಸ್ಪತ್ರೆಯಲ್ಲಿ ಆಪರೇಟ್ ಅಂದರೆ ಒಂದೇ ಅರ್ಥ.

ಹಿರಿಯೂರು ತೋಟ

ಎಲ್ಲರ ಮಾತೂ ಓದಿದೆ. ಖುಷಿಯಾಯಿತು. ಇಂಗ್ಲಿಷ್ ನಾನು ಕಲಿತದ್ದು ಮೋಟಾರ್ ಪ್ಯಾನೆಲ್ ಬೋರ್ಡು, ಔಷಧಿ ಬಾಟಲಿ ಓದಿಕೊಂಡು. ನನಗೆ ತಿಳಿದದ್ದು ಹೇಳುತ್ತೇನೆ.

ನಮ್ಮ ಬೋರಿನ ಸ್ಟಾರ್ಟರ್ ಪ್ಯಾನೆಲ್ ಮೇಲೆ ‘ಡ್ರೈ ರನ್’ ಅಂತ ಒಂದು ಲೈಟ್ ಇದೆ. ಬೋರಿನಲ್ಲಿ ನೀರು ಇಳಿದು, ಮೋಟಾರ್ ನೀರಿಲ್ಲದೆ ತಿರುಗುವುದಕ್ಕೆ ಶುರು ಮಾಡಿದರೆ ಆ ಲೈಟ್ ಹತ್ತಿಕೊಂಡು ಮೋಟಾರ್ ತಾನೇ ಆಫ್ ಆಗುತ್ತದೆ. ಇಲ್ಲದಿದ್ದರೆ ಮೋಟಾರ್ ಸುಟ್ಟು ಹೋಗುತ್ತದೆ. ಮೇಲೆತ್ತಿ ವೈಂಡಿಂಗ್ ಮಾಡಿಸುವ ಖರ್ಚು ರೈತರಿಗೆಲ್ಲ ಗೊತ್ತು. ಅದು ಡ್ರೈ ರನ್. ಅದೇ ಪದಗಳನ್ನು ಹಿಂದುಮುಂದು ಮಾಡಿದರೆ ‘ರನ್ ಡ್ರೈ’. ‘ದಿ ಬೋರ್‌ವೆಲ್ ಹ್ಯಾಸ್ ರನ್ ಡ್ರೈ’ ಅಂದರೆ ಬೋರ್ ಬತ್ತಿತು. ಮೊದಲನೆಯದರಲ್ಲಿ ಓಡುವುದು ಮೋಟಾರು, ಎರಡನೆಯದರಲ್ಲಿ ಒಣಗುವುದು ನೀರು. ನನ್ನ ಮಗ ಬೆಂಗಳೂರಿನಲ್ಲಿ ಆಫೀಸಿನಲ್ಲಿದ್ದಾನೆ. ಅಲ್ಲಿ ಡ್ರೈ ರನ್ ಅಂದರೆ ಮೀಟಿಂಗಿಗೆ ಮುಂಚೆ ಮಾಡುವ ತಾಲೀಮು ಅಂತೆ!

ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಅವನು ಕಳಿಸಿದ ಇಂಗ್ಲಿಷ್ ಸುದ್ದಿಯಲ್ಲಿ ‘ಓವರ್‌ಫ್ಲೋ’ ಅಂತ ಇತ್ತು. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ರಲ್ಲಿ. ಊರಿಗೆ ಊರೇ ನೋಡಲು ಹೋಗಿತ್ತು. ನನ್ನ ಪ್ರಶ್ನೆ ಏನೆಂದರೆ, ಅಲ್ಲಿ ‘ರನ್ ಓವರ್’ ಅಂತ ಬರೆದರೆ ತಪ್ಪಾ?

ಕೋಟೆ ಮೇಷ್ಟ್ರು, ಚಿತ್ರದುರ್ಗ

ತಪ್ಪಲ್ಲ ಗೌಡ್ರೇ. ಪಾತ್ರೆ ತುಂಬಿ ಚೆಲ್ಲುವುದಕ್ಕೆ ರನ್ ಓವರ್ ಅನ್ನುವುದು ಹಳೆಯ ಬಳಕೆ. ಆದರೆ ಅಣೆಕಟ್ಟಿಗೆ ಇವತ್ತು ಓವರ್‌ಫ್ಲೋ ಅನ್ನುವುದೇ ಸಹಜ. ಯಾಕೆಂದರೆ ರನ್ ಓವರ್ ಅಂದ ಕೂಡಲೇ ಜನರಿಗೆ ಮೊದಲು ಹೊಳೆಯುವುದು ಗಾಡಿ ಯಾರದೋ ಮೇಲೆ ಹರಿದದ್ದು. ಇನ್ನೂ ಒಂದು ಅರ್ಥ ಇದೆ. ಮೀಟಿಂಗ್ ಹೇಳಿದ ಟೈಮಿಗೆ ಮುಗಿಯದೆ ಎಳೆದರೂ ‘ದಿ ಮೀಟಿಂಗ್ ರ್‍ಯಾನ್ ಓವರ್’.

ನೋಡಿ, ಗಾಡಿ ಮೇಲೆ ‘ಹರಿಯಿತು’ ಅಂತ ನಾನೇ ಬರೆದೆ. ಹೊಳೆ ಹರಿಯುತ್ತದೆ, ಬಸ್ಸು ಮೇಲೆ ಹರಿಯುತ್ತದೆ, ಬೆಳಕು ಹರಿಯುತ್ತದೆ, ಹುಳ ಹರಿದಾಡುತ್ತದೆ, ಅಂಗಿ ಹರಿಯುತ್ತದೆ. ಅಂಗಿ ಹರಿಯುವುದರಲ್ಲಿ ಹೊಳೆ ಎಲ್ಲಿಂದ ಬಂತು ಅಂತ ನಾವು ಯಾರೂ ನಿಂತು ಯೋಚಿಸುವುದಿಲ್ಲ. ಪಕ್ಕದ ಪದ ಕೇಳಿದ ಕೂಡಲೇ ಅರ್ಥ ಹೊಳೆದಿರುತ್ತದೆ.

ಹಿರಿಯೂರು ತೋಟ

ಹಂಗೆ ನೋಡಿದರೆ ನಮ್ಮ ‘ಹೊಡಿ’ ಇಲ್ವಾ ಮೇಷ್ಟ್ರೇ! ಕುಂಟೆ ಹೊಡಿ, ಔಷಧಿ ಹೊಡಿ, ಗಾಡಿ ಹೊಡಿ, ಸುಣ್ಣ ಹೊಡಿ, ನಿದ್ದೆ ಹೊಡಿ. ವಾಸನೆ ಹೊಡಿತದೆ, ಬಿಸಿಲು ಹೊಡಿತದೆ, ಲಾಟರಿ ಹೊಡಿತದೆ. ಹೊರಗಿನಿಂದ ಬಂದವರು ಇದನ್ನೆಲ್ಲ ಏಟು ಕೊಡುವುದು ಅಂತ ಕಲಿತರೆ ಅವರ ಗತಿ ಏನು?

ಜವಳಿ ಅಂಗಡಿ, ದಾವಣಗೆರೆ

ಇದು ನನ್ನ ಮಾತಿಗೆ ಒಳ್ಳೆಯ ಸಾಕ್ಷಿ. ‘ಹೊಡಿ’ ಪದಕ್ಕೆ ಪಟ್ಟಿ ಹಿಡಿದು ಕಲಿತವರು ನಮ್ಮಲ್ಲಿ ಒಬ್ಬರೂ ಇಲ್ಲ. ಕುಂಟೆ ಜೊತೆ ಕೇಳಿದೆವು, ಔಷಧಿ ಜೊತೆ ಕೇಳಿದೆವು, ಹಾಗೇ ಕಲಿತೆವು. ರನ್ ಅನ್ನೂ ಹಾಗೇ ಜೋಡಿ ಸಮೇತ ಕಲಿಯಬೇಕು.

ಕಟ್ಟಡದ ಕೆಲಸ, ಹೊಳಲ್ಕೆರೆ

ಜೋಡಿ ಅಂದಿರಿ, ಅದಕ್ಕೆ ಒಂದು ಸೇರಿಸುತ್ತೇನೆ. ಕಾಂಪೌಂಡ್ ಕಟ್ಟಿಸುವವರು ಎಸ್ಟಿಮೇಟ್ ಓದುವಾಗ ಇದನ್ನು ಗಮನಿಸಿ. ರೇಟು ‘ರನ್ನಿಂಗ್ ಫೀಟ್’ ಲೆಕ್ಕದಲ್ಲಿ ಇದೆಯಾ, ‘ಸ್ಕ್ವೇರ್ ಫೀಟ್’ ಲೆಕ್ಕದಲ್ಲಿ ಇದೆಯಾ? ರನ್ನಿಂಗ್ ಫೀಟ್ ಅಂದರೆ ಬರೀ ಉದ್ದದ ಅಳತೆ. ನೂರು ಅಡಿ ಉದ್ದದ ಗೋಡೆ ಐದು ಅಡಿ ಎತ್ತರ ಇದ್ದರೂ ನೂರು ರನ್ನಿಂಗ್ ಫೀಟೇ. ಸ್ಕ್ವೇರ್ ಫೀಟಿನಲ್ಲಿ ಅದು ಐನೂರು. ರೇಟು ಕಡಿಮೆ ಅಂತ ಒಪ್ಪಿಕೊಂಡು, ಬಿಲ್ಲು ಬಂದಾಗ ಜಗಳ ಆಡುವವರನ್ನು ನೋಡಿದ್ದೇನೆ. ಎತ್ತರ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ಬೀರು, ಗ್ರಾನೈಟ್ ಅಂಚು, ಪೈಪು ಎಲ್ಲದಕ್ಕೂ ಈ ಮಾತು ಬರುತ್ತದೆ. ಇಲ್ಲಿ ರನ್ನಿಂಗ್ ಅಂದರೆ ಎಡೆಬಿಡದೆ ಉದ್ದಕ್ಕೆ ಹೋಗುವುದು. ಮೇಷ್ಟ್ರು ಹೇಳಿದ ತಿರುಳು ಇಲ್ಲಿ ಸರಿಯಾಗಿ ಕೂರುತ್ತದೆ.

ಗಣಿ ಕಚೇರಿ, ಹೊಸದುರ್ಗ

ನಮ್ಮ ಕಾಗದಗಳಲ್ಲಿ ‘ರನ್ ಆಫ್ ಮೈನ್’ ಅಂತ ಬರುತ್ತದೆ. ಗಣಿಯಿಂದ ಅಗೆದು ತೆಗೆದ ಅದಿರು, ಇನ್ನೂ ಪುಡಿ ಮಾಡಿಲ್ಲ, ಜರಡಿ ಹಿಡಿದಿಲ್ಲ, ಗ್ರೇಡ್ ಮಾಡಿಲ್ಲ. ಬಂದದ್ದು ಬಂದ ಹಾಗೆ. ಇದರ ಜೊತೆಯದೇ ‘ರನ್ ಆಫ್ ದಿ ಮಿಲ್’. ಮಿಲ್ಲಿನಿಂದ ಹೊರಬಂದ ಮಾಲು, ಇನ್ನೂ ಆರಿಸಿ ಬೇರೆ ಮಾಡದೆ ಇರುವುದು. ಅದರಿಂದ ಸಾಧಾರಣವಾದದ್ದು, ವಿಶೇಷ ಏನೂ ಇಲ್ಲದ್ದು ಅನ್ನುವ ಅರ್ಥ ಬಂತು. ಕಾಟನ್ ಮಿಲ್ಲುಗಳಿಂದ ಹೆಸರು ಮಾಡಿದ ದಾವಣಗೆರೆಯವರಿಗೆ ಇದು ಬೇಗ ಅರ್ಥ ಆಗುತ್ತದೆ ಅನಿಸಿ ಬರೆದೆ. ಇಲ್ಲಿ ರನ್ ಕ್ರಿಯಾಪದ ಅಲ್ಲ, ನಾಮಪದ. ಪರೀಕ್ಷೆಗಳಲ್ಲಿ ಇದು ಆಗಾಗ ಬರುತ್ತದೆ, ಬರೆದಿಟ್ಟುಕೊಳ್ಳಿ ತಂಗಿ.

ವಿದ್ಯಾನಗರದ ಓದುಗಿ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಜನ ಕೂತು ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಜೋಡಿ ಸಮೇತ ಕಲಿಯಬೇಕು ಅನ್ನುವುದು ಮನಸ್ಸಿಗೆ ಹತ್ತಿತು. ಆದರೆ ನಡೆಸುವುದು ಅನ್ನುವ ಅರ್ಥದಲ್ಲೇ ಇನ್ನೂ ಗೊಂದಲ ಇದೆ. ರನ್, ಮ್ಯಾನೇಜ್, ಆಪರೇಟ್, ಕಂಡಕ್ಟ್, ಅಡ್ಮಿನಿಸ್ಟರ್. ಐದಕ್ಕೂ ನನ್ನ ನೋಟ್ಸಿನಲ್ಲಿ ‘ನಡೆಸು’ ಅಂತಲೇ ಇದೆ. ಯಾವುದನ್ನು ಎಲ್ಲಿ ಹಾಕಬೇಕು?

ಕೋಟೆ ಮೇಷ್ಟ್ರು, ಚಿತ್ರದುರ್ಗ

ಎಲ್ಲರೂ ಎಡವುವ ಜಾಗ ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕನ್ನಡದ ‘ನಡೆಸು’ ತುಂಬಾ ಅಗಲವಾದ ಪದ. ಹೋಟೆಲ್ ನಡೆಸುತ್ತೇವೆ, ಪರೀಕ್ಷೆ ನಡೆಸುತ್ತೇವೆ, ಸಭೆ ನಡೆಸುತ್ತೇವೆ, ಸಂಸಾರ ನಡೆಸುತ್ತೇವೆ, ಸರ್ಕಾರ ನಡೆಸುತ್ತೇವೆ. ಇಂಗ್ಲಿಷ್ ಇಷ್ಟನ್ನೂ ಒಂದೇ ಪದಕ್ಕೆ ಕೊಟ್ಟಿಲ್ಲ, ಹಂಚಿದೆ. ಹಾಗಾಗಿ ನಡೆಸು ಅನ್ನುವುದರಿಂದ ಹೊರಟರೆ ನಿನಗೆ ಐದೂ ಒಂದೇ ಥರ ಕಾಣುತ್ತವೆ. ಯಾವುದನ್ನು ನಡೆಸುವುದು ಅಂತ ಕೇಳಿಕೊಂಡು ಹೊರಡಬೇಕು.

ಹೋಟೆಲ್ ತಗೋ. ದಾವಣಗೆರೆಯಲ್ಲಿ ಒಬ್ಬರು ಬೆಣ್ಣೆ ದೋಸೆ ಹೋಟೆಲ್ ಇಟ್ಟಿದ್ದಾರೆ ಅಂದುಕೋ. ಬೆಳಗ್ಗೆ ಹಿಟ್ಟು ನೋಡುವುದರಿಂದ ರಾತ್ರಿ ಗಲ್ಲಾ ಎಣಿಸುವವರೆಗೆ ಎಲ್ಲ ಅವರದೇ ಜವಾಬ್ದಾರಿ. ಅವರು ‘ರನ್ಸ್ ಎ ಹೋಟೆಲ್’. ಅವರೇ ಇನ್ನೊಬ್ಬರನ್ನು ಸಂಬಳಕ್ಕೆ ಇಟ್ಟುಕೊಂಡು, ನೋಡಿಕೊಳ್ಳಪ್ಪ ಅಂತ ಬಿಟ್ಟಿದ್ದರೆ, ಆ ಮನುಷ್ಯ ‘ಮ್ಯಾನೇಜಸ್ ದಿ ಹೋಟೆಲ್’. ರನ್ ಅಂದಾಗ ಇದು ತನ್ನದು ಅನ್ನುವ ಭಾವ ಜಾಸ್ತಿ. ಮ್ಯಾನೇಜ್ ಅಂದಾಗ ಹುದ್ದೆಯ ಭಾವ ಜಾಸ್ತಿ. ಕಟ್ಟುನಿಟ್ಟಾದ ಗೆರೆ ಅಲ್ಲ, ಅದಲುಬದಲು ಆಗುವುದೂ ಉಂಟು. ಆದರೂ ಇಂಟರ್ವ್ಯೂನಲ್ಲಿ ನಿಮ್ಮ ತಂದೆ ಏನು ಮಾಡುತ್ತಾರೆ ಅಂತ ಕೇಳಿದರೆ, ಸ್ವಂತ ಅಂಗಡಿ ಇರುವವರು ‘ಹಿ ರನ್ಸ್ ಎ ಶಾಪ್’ ಅನ್ನಬೇಕು. ‘ಹಿ ಈಸ್ ಹ್ಯಾವಿಂಗ್ ಎ ಶಾಪ್’ ಅನ್ನುವುದು ಬೇಡ.

ಆಪರೇಟ್ ಯಂತ್ರಕ್ಕೆ ಹತ್ತಿರ. ಕ್ರೇನ್, ಲಿಫ್ಟ್, ಮಗ್ಗ. ಸಂಸ್ಥೆಗಳು ಬಸ್ ಸೇವೆ, ವಿಮಾನ ಸೇವೆ ಕೊಡುವುದಕ್ಕೂ ಇದು ಬರುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಬಸ್ ಬಿಡುವ ಕಂಪನಿ ‘ಆಪರೇಟ್ಸ್ ಬಸಸ್’ ಅಂದರೂ ಸರಿ, ‘ರನ್ಸ್ ಬಸಸ್’ ಅಂದರೂ ಸರಿ. ಆದರೆ ಸ್ಟೇರಿಂಗ್ ಹಿಡಿದ ಡ್ರೈವರ್ ‘ಡ್ರೈವ್ಸ್ ದಿ ಬಸ್’. ಅವನು ರನ್ ಮಾಡುವುದಿಲ್ಲ. ಕನ್ನಡದಲ್ಲಿ ಇಬ್ಬರಿಗೂ ‘ಬಸ್ ಓಡಿಸುತ್ತಾರೆ’ ಅನ್ನುತ್ತೇವೆ. ಅಲ್ಲೇ ಹುಡುಗರು ಜಾರುವುದು.

ಕಂಡಕ್ಟ್ ಒಂದು ಶುರು, ಒಂದು ಕೊನೆ ಇರುವ ಕೆಲಸಕ್ಕೆ. ಪರೀಕ್ಷೆ, ಸಮೀಕ್ಷೆ, ವಿಚಾರಣೆ, ಇಂಟರ್ವ್ಯೂ. ಹೋಟೆಲಿಗೆ ಕಂಡಕ್ಟ್ ಬರುವುದಿಲ್ಲ, ಪರೀಕ್ಷೆ ನಡೆಸುವುದಕ್ಕೆ ರನ್ ಸಾಮಾನ್ಯವಾಗಿ ಹಾಕುವುದಿಲ್ಲ. ಟೆಸ್ಟಿಗೆ ಎರಡೂ ಬರುತ್ತವೆ, ಲ್ಯಾಬಿನಲ್ಲಿ ‘ರನ್ ಎ ಟೆಸ್ಟ್’ ಅನ್ನುವುದೇ ರೂಢಿ.

ಅಡ್ಮಿನಿಸ್ಟರ್ ಆಡಳಿತಕ್ಕೆ, ಅನುದಾನಕ್ಕೆ. ಔಷಧಿ ಕೊಡುವುದಕ್ಕೂ ಅದೇ ಪದ. ನಮ್ಮ ನರ್ಸಮ್ಮನವರಿಗೆ ಗೊತ್ತಿರುತ್ತದೆ.

ಇನ್ನು ಸಂಸಾರ ನಡೆಸುವುದು. ನಮ್ಮವರು ‘ರನ್ನಿಂಗ್ ಎ ಫ್ಯಾಮಿಲಿ’ ಅಂತ ಬರೆಯುತ್ತಾರೆ. ಇಂಗ್ಲಿಷಿನವರು ‘ರನ್ ದಿ ಹೌಸ್‌ಹೋಲ್ಡ್’ ಅನ್ನುತ್ತಾರೆ. ಮನೆಯ ಖರ್ಚುವೆಚ್ಚ, ಅಡುಗೆ, ಸಾಮಾನು ಸರಂಜಾಮು ನೋಡಿಕೊಳ್ಳುವುದು ಅದು. ದುಡಿದು ಸಾಕುವುದಕ್ಕೆ ‘ಸಪೋರ್ಟ್ ಎ ಫ್ಯಾಮಿಲಿ’, ಮಕ್ಕಳನ್ನು ಬೆಳೆಸುವುದಕ್ಕೆ ‘ರೇಸ್ ಎ ಫ್ಯಾಮಿಲಿ’. ಒಂದು ‘ಸಂಸಾರ ನಡೆಸು’ ಅಲ್ಲಿ ಮೂರಾಯಿತು ನೋಡು.

ಆಸ್ಪತ್ರೆ ಡ್ಯೂಟಿ, ದಾವಣಗೆರೆ

ಹೌದು ಸರ್. ‘ಅಡ್ಮಿನಿಸ್ಟರ್ಡ್’ ಅಂತಲೇ ನಾವು ಕೇಸ್ ಶೀಟಿನಲ್ಲಿ ಬರೆಯುವುದು.

ಕೋಡ್ ಬರೆಯುವವ, ಚಿತ್ರದುರ್ಗ

ಕಂಪ್ಯೂಟರಿನಲ್ಲಿ ಪ್ರೋಗ್ರಾಂ ರನ್ ಆಗುತ್ತದೆ, ರನ್ ಮಾಡುತ್ತೇವೆ. ಇದಕ್ಕೆ ‘ಎಕ್ಸಿಕ್ಯೂಟ್’ ಹತ್ತಿರದ ಪದ. ಆದರೆ ಫೋನು ಆಂಡ್ರಾಯ್ಡ್ ಮೇಲೆ ರನ್ ಆಗುತ್ತದೆ ಅನ್ನುವಾಗ ಎಕ್ಸಿಕ್ಯೂಟ್ ಹಾಕಲು ಬರುವುದಿಲ್ಲ. ಗಾಡಿ ಡೀಸೆಲ್ ಮೇಲೆ ರನ್ ಆಗುವ ಥರದ ಬಳಕೆ ಅದು. ಜವಳಿ ಅಣ್ಣ ಹೇಳಿದ್ದು ಇಲ್ಲೂ ನಿಜ. ಪಕ್ಕದಲ್ಲಿ ‘ಆನ್’ ಬಂತು, ಸಮಾನಪದ ಬದಲಾಯಿತು.

ಗಣಿ ಕಚೇರಿ, ಹೊಸದುರ್ಗ

ಮೇಷ್ಟ್ರೇ, ನಿಜವಾದ ಓಟದ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಸ್ಪ್ರಿಂಟ್, ಜಾಗ್, ಡ್ಯಾಶ್, ಬೋಲ್ಟ್, ಫ್ಲೀ. ಇವೆಲ್ಲ ಒಂದೇನಾ?

ಕೋಟೆ ಮೇಷ್ಟ್ರು, ಚಿತ್ರದುರ್ಗ

ಒಂದೇ ಅಲ್ಲ. ಇದರಲ್ಲಿ ಕನ್ನಡಿಗರಿಗೆ ಕಷ್ಟ ಇರಬಾರದು, ಯಾಕೆಂದರೆ ನಮ್ಮಲ್ಲೂ ಓಟಕ್ಕೆ ಬಗೆಬಗೆ ಮಾತು ಇವೆ. ಬೆಳಗ್ಗೆ ಮೈದಾನದಲ್ಲಿ ಮೆಲ್ಲಗೆ ಓಡುವುದು ಜಾಗ್. ನೂರು ಮೀಟರ್ ರೇಸಿನಲ್ಲಿ ಉಸಿರು ಬಿಗಿಹಿಡಿದು ಓಡುವುದು ಸ್ಪ್ರಿಂಟ್. ಬಸ್ಸು ಹೊರಟೇಬಿಟ್ಟಿತು ಅಂತ ಎದ್ದೆನೋ ಬಿದ್ದೆನೋ ಅಂತ ಓಡುವುದು ಡ್ಯಾಶ್. ಬೆದರಿದ ಕುದುರೆ ಹಗ್ಗ ಕಿತ್ತುಕೊಂಡು ಓಡುವುದು ಬೋಲ್ಟ್. ನಾವು ಓಟ ಕಿತ್ತಿತು ಅನ್ನುತ್ತೇವಲ್ಲ, ಅದಕ್ಕೆ ಹತ್ತಿರ. ಪೊಲೀಸರನ್ನು ಕಂಡು ಕಳ್ಳ ಕಾಲಿಗೆ ಬುದ್ಧಿ ಹೇಳಿದರೆ, ಪೇರಿ ಕಿತ್ತರೆ, ಅದು ಫ್ಲೀ. ಫ್ಲೀ ಅಂದರೆ ಕಾಲಿನಲ್ಲೇ ಓಡಬೇಕು ಅಂತಿಲ್ಲ. ಕಾರಿನಲ್ಲಿ ಹೋದರೂ, ವಿಮಾನ ಹತ್ತಿ ದೇಶ ಬಿಟ್ಟರೂ ಫ್ಲೀ. ಜೀವಭಯವೋ ಶಿಕ್ಷೆಯ ಭಯವೋ ಇರಬೇಕು. ನಾಳೆ ರಜೆ ಅಂತ ಊರಿಗೆ ಓಡಿಹೋದವನಿಗೆ ಫ್ಲೀ ಹಾಕುವ ಹಾಗಿಲ್ಲ.

ಜವಳಿ ಅಂಗಡಿ, ದಾವಣಗೆರೆ

ಓದುಗಿಗೆ ನೋಟ್ಸ್ ಬಗ್ಗೆ ಒಂದು ಮಾತು. ‘ರನ್ = ಮ್ಯಾನೇಜ್’ ಅಂತ ಬರೆಯುವುದನ್ನು ಇವತ್ತೇ ನಿಲ್ಲಿಸಿ. ಪೂರ್ತಿ ಜೋಡಿ ಬರೆಯಿರಿ. ‘ರನ್ ಎ ಶಾಪ್’, ಪಕ್ಕದಲ್ಲಿ ಅಂಗಡಿ ನಡೆಸು. ‘ರನ್ ಎ ರಿಸ್ಕ್’, ಅಪಾಯಕ್ಕೆ ತಲೆಕೊಡು. ‘ರನ್ ಅಪ್ ಎ ಬಿಲ್’, ಸಾಲ ಬೆಳೆಸು. ‘ರನ್ ಇಂಟು ಎ ಫ್ರೆಂಡ್’, ಅಚಾನಕ್ಕಾಗಿ ಸ್ನೇಹಿತರು ಸಿಗು. ‘ರನ್ ಇಂಟು ಎ ಪೋಲ್’ ಅಂದರೆ ಕಂಬಕ್ಕೆ ಡಿಕ್ಕಿ ಹೊಡಿ! ನೋಡಿ, ಇಂಟು ಕೂಡ ಅದೇ, ರನ್ ಕೂಡ ಅದೇ. ಬದಲಾದದ್ದು ಸ್ನೇಹಿತ ಮತ್ತು ಕಂಬ.

ರನ್ ಔಟ್ ಬಗ್ಗೆಯೂ ಹೇಳಿಬಿಡುತ್ತೇನೆ, ನಾಲ್ಕನೇ ವಾಕ್ಯ ಹಾಗೇ ಉಳಿದಿದೆ. ಸಕ್ಕರೆ ಮುಗಿದರೆ ಎರಡು ಥರ ಹೇಳಬಹುದು. ಸಕ್ಕರೆಯನ್ನು ಮುಂದಿಟ್ಟರೆ ‘ದಿ ಶುಗರ್ ಹ್ಯಾಸ್ ರನ್ ಔಟ್’. ನಮ್ಮನ್ನು ಮುಂದಿಟ್ಟರೆ ‘ವಿ ಹ್ಯಾವ್ ರನ್ ಔಟ್ ಆಫ್ ಶುಗರ್’. ಎರಡನೆಯದರಲ್ಲಿ ‘ಆಫ್’ ಬಿಟ್ಟರೆ ವಾಕ್ಯ ಕೆಟ್ಟಿತು. ಕನ್ನಡದಲ್ಲಿ ಮುಗಿಯುವುದು ಸಕ್ಕರೆ ಮಾತ್ರ, ನಾವು ಮುಗಿಯುವುದಿಲ್ಲ. ಅದಕ್ಕೇ ಎರಡನೇ ರೂಪ ನಮ್ಮ ಬಾಯಿಗೆ ಬೇಗ ಬರುವುದಿಲ್ಲ. ಅದನ್ನೇ ಜಾಸ್ತಿ ಅಭ್ಯಾಸ ಮಾಡಿ.

ಕೋಟೆ ಮೇಷ್ಟ್ರು, ಚಿತ್ರದುರ್ಗ

‘ಹ್ಯಾವ್ ರನ್’ ಸರಿ, ‘ಹ್ಯಾವ್ ರ್‍ಯಾನ್’ ತಪ್ಪು. ರನ್, ರ್‍ಯಾನ್, ಮತ್ತೆ ರನ್. ಇದನ್ನೂ ಸೇರಿಸಿಕೊಳ್ಳಮ್ಮ.

ಚುನಾವಣೆದೂ ಒಂದು ಉಳಿದಿದೆ. ‘ರನ್ ಫಾರ್ ಪ್ರೆಸಿಡೆಂಟ್’ ಅಮೆರಿಕದವರ ಮಾತು. ಬ್ರಿಟನ್ನಿನಲ್ಲಿ ‘ಸ್ಟ್ಯಾಂಡ್ ಫಾರ್ ಪಾರ್ಲಿಮೆಂಟ್’ ಅನ್ನುತ್ತಾರೆ. ನಮ್ಮಲ್ಲಿ ಪತ್ರಿಕೆಗಳು ‘ಕಂಟೆಸ್ಟ್’ ಅಂತ ಬರೆಯುತ್ತವೆ. ಕನ್ನಡದಲ್ಲಿ ಎಲೆಕ್ಷನ್ನಿಗೆ ನಿಲ್ಲುತ್ತೇವೆ. ಅಮೆರಿಕದವರು ಓಡುವ ಜಾಗದಲ್ಲಿ ನಾವು, ಬ್ರಿಟಿಷರು ನಿಂತಿದ್ದೇವೆ.

ವಿದ್ಯಾನಗರದ ಓದುಗಿ, ದಾವಣಗೆರೆ

ಹೊಸ ನೋಟ್‌ಬುಕ್ ಶುರು ಮಾಡಿದ್ದೇನೆ. ಎಡಗಡೆ ಜೋಡಿ, ಬಲಗಡೆ ಕನ್ನಡ. ಇಲ್ಲಿ ಬಂದದ್ದನ್ನೆಲ್ಲ ಇಳಿಸಿಕೊಂಡೆ. ಬರೆಯುವಾಗ ಒಂದು ಹೊಸ ಅನುಮಾನ ಬಂತು ಸರ್. ಬ್ಯಾಂಕಿನ ಪಾಠದಲ್ಲಿ ‘ದಿ ಅಗ್ರಿಮೆಂಟ್ ರನ್ಸ್ ಟಿಲ್ ಮಾರ್ಚ್’ ಅಂತ ಇದೆ. ರಸ್ತೆಗೆ ‘ಎಕ್ಸ್‌ಟೆಂಡ್ಸ್’ ಹಾಕಬಹುದು ಅಂತ ನನ್ನ ಪಟ್ಟಿಯಲ್ಲಿದೆ. ಇಲ್ಲೂ ‘ಎಕ್ಸ್‌ಟೆಂಡ್ಸ್’ ಹಾಕಬಹುದಾ?

ಕೋಟೆ ಮೇಷ್ಟ್ರು, ಚಿತ್ರದುರ್ಗ

ಇಲ್ಲಿ ಬೇಡ. ರಸ್ತೆ ಎಕ್ಸ್‌ಟೆಂಡ್ ಆಗುತ್ತದೆ ಅಂದರೆ ಅಲ್ಲಿಯವರೆಗೆ ಇದೆ ಅಂತ. ಅಗ್ರಿಮೆಂಟ್ ಪಕ್ಕ ಎಕ್ಸ್‌ಟೆಂಡ್ ಬಂದರೆ, ಮುಗಿಯಬೇಕಿದ್ದ ಅವಧಿಯನ್ನು ಮುಂದಕ್ಕೆ ಹಾಕಿದರು ಅಂತ ಓದಿಕೊಳ್ಳುವ ಸಾಧ್ಯತೆ ಇದೆ. ಬ್ಯಾಂಕಿನಲ್ಲಿ ಆ ವ್ಯತ್ಯಾಸ ದುಡ್ಡಿನ ವ್ಯತ್ಯಾಸ. ‘ಈಸ್ ವ್ಯಾಲಿಡ್ ಟಿಲ್ ಮಾರ್ಚ್’ ಅಂತ ಹಾಕು. ಬಲಗಡೆ ಕನ್ನಡದಲ್ಲಿ ‘ಮಾರ್ಚ್‌ವರೆಗೆ ಜಾರಿಯಲ್ಲಿರುತ್ತದೆ’ ಅಂತ ಬರೆದುಕೋ.